ಬೀಗ ಹಾಕಿದ ಮನೆಯಲ್ಲಿ ದಿನಕ್ಕೆ 22 ಜಿಬಿ

ಕಳೆದ ತಿಂಗಳ 21ರ ಬೆಳಿಗ್ಗೆ ಬೆಂಗಳೂರಿನ ಕಚೇರಿಯ ಮೀಟಿಂಗಿಗೆಂದು ಲ್ಯಾಪ್‌ಟಾಪ್ ತೆರೆದು ಕುಳಿತಿದ್ದ ಮಗಳಿಗೆ ಎದುರಿನವರ ಮಾತು ತುಂಡುತುಂಡಾಗಿಯಾದರೂ ಕೇಳಿಸುತ್ತಿತ್ತು. ಆದರೆ ಅವಳ ಒಂದು ಮಾತೂ ಅವರಿಗೆ ತಲುಪುತ್ತಿರಲಿಲ್ಲ. ತುಮಕೂರಿನ ಎಸ್‌.ಎಸ್‌. ಪುರಂನ ನಮ್ಮ ಮನೆಗೆ ನೆಟ್ ಕೊಡುವ ಕೇಬಲ್ ಹುಡುಗನಿಗೆ ಫೋನ್ ಮಾಡಿದೆ. “ಎಫ್‌ಯುಪಿ ಮುಗ್ದೋಗೈತೆ ಸಾರ್, ಒಂದನೇ ತಾರೀಖಿನವರ್ಗೂ ಎರಡೇ ಎಂಬಿ ಬರೋದು. ಬೇಕಾದ್ರೆ ದೊಡ್ಡ ಪ್ಲಾನ್ ಹಾಕ್ಕೊಡ್ತೀನಿ” ಎಂದ.

ಎಫ್‌ಯುಪಿ ಎಂದರೆ ಫೇರ್ ಯೂಸೇಜ್ ಪಾಲಿಸಿ, ‘ನ್ಯಾಯಯುತ ಬಳಕೆ’ಯ ಮಿತಿ. ನಮ್ಮ ಪ್ಲಾನಿನ ಪ್ರಕಾರ ತಿಂಗಳಿಗೆ 1000 ಜಿಬಿಯವರೆಗೆ 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ವೇಗ, ಅದು ಮುಗಿದ ಮೇಲೆ 2 ಎಂಬಿಪಿಎಸ್. ರಸೀದಿಯಲ್ಲಿ ಮಾತ್ರ ದಪ್ಪಕ್ಷರದಲ್ಲಿ ‘ಅನ್‌ಲಿಮಿಟೆಡ್’ ಎಂದೇ ಇದೆ. ಸಂಪರ್ಕ ಕಡಿದುಹೋಗುವುದಿಲ್ಲ, ಹೆಚ್ಚುವರಿ ಹಣ ಬೀಳುವುದಿಲ್ಲ ಎಂಬಷ್ಟರ ಮಟ್ಟಿಗೆ ಆ ಪದ ನಿಜವಿರಬಹುದು. ಮಿತಿ ಎಷ್ಟು, ಮಿತಿಯ ಆಚೆಗೆ ವೇಗ ಎಷ್ಟು ಎಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರಲ್ಲಿಯೇ ಸೂಚಿಸಿದೆ. 2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ವೇಗ ಇರಬೇಕು. ನಮಗೆ ಉಳಿದದ್ದು ಸರಿಯಾಗಿ ಆ ಕನಿಷ್ಠವೇ.

ಮನೆಯೊಳಗೆ ವಿಚಾರಣೆ ಶುರುವಾಯಿತು. ಇಂಥ ವಿಷಯಗಳಲ್ಲಿ ಅಪರಾಧಿ ಯಾರೆಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಬಿ.ಇ. ಓದುತ್ತಿರುವ ಮಗ ಆ ತಿಂಗಳು ಒಂದೇ ರಾತ್ರಿಯಲ್ಲಿ 70 ಜಿಬಿಯ ಗೇಮ್ ಇಳಿಸಿಕೊಂಡಿದ್ದ. ನಾನು ಹೆಚ್ಚು ಯೋಚಿಸದೆ ವೈಫೈ ಪಾಸ್‌ವರ್ಡ್ ಬದಲಾಯಿಸಿ, ಅವನಿಗೆ ಹೇಳಲಿಲ್ಲ. ಹೊರಗಿನ ಗೇಟಿಗೆ ಒಂದು, ಹಿತ್ತಲಿಗೆ ಒಂದು ಎಂದು ಹಾಕಿಸಿರುವ ಕ್ಯಾಮೆರಾಗಳು ಇದರಿಂದ ನಿಂತುಹೋದವು. ಅದೇ ಸಂಜೆ ಏಣಿ ಹತ್ತಿ, ಎರಡರ ರೀಸೆಟ್ ಗುಂಡಿಯನ್ನೂ ಪಿನ್ನಿನಿಂದ ಒತ್ತಿ, ಮಗನಿಗೆ ಹೇಳದ ಪಾಸ್‌ವರ್ಡನ್ನು ಅವುಗಳಿಗೆ ನಾನೇ ಕೈಯಾರೆ ಕೊಟ್ಟೆ. ಏಣಿ ಹಿಡಿದುಕೊಂಡು ನಿಂತಿದ್ದವನು ಅವನೇ.

ರಾತ್ರಿ ಕುಳಿತು ಲೆಕ್ಕ ಹಾಕಿದಾಗ ಮಾತ್ರ ತೀರ್ಪು ಅಲುಗಾಡತೊಡಗಿತು. ಟಿವಿಯಲ್ಲಿ ಎಚ್‌ಡಿ ಗುಣಮಟ್ಟದ ವೀಡಿಯೊ ಗಂಟೆಗೆ 3 ಜಿಬಿಯವರೆಗೆ ಎಳೆಯುತ್ತದೆ, 4ಕೆ ಆದರೆ 7 ಜಿಬಿ. ಅಮ್ಮನ ಧಾರಾವಾಹಿಗಳು ದಿನಕ್ಕೆ ನಾಲ್ಕು ಗಂಟೆ ಎಂದಿಟ್ಟುಕೊಂಡರೂ 12 ಜಿಬಿ. ಮಗಳ ಕಚೇರಿ ಕೆಲಸ, ಮಗನ ಕ್ರಿಕೆಟ್ಟು, ಗೇಮು, ಎಲ್ಲವನ್ನೂ ಧಾರಾಳವಾಗಿ ಸೇರಿಸಿದರೂ ಇಪ್ಪತ್ತು ದಿನಕ್ಕೆ 1000 ಜಿಬಿಯ ಹತ್ತಿರಕ್ಕೂ ಹೋಗುತ್ತಿರಲಿಲ್ಲ.

ಗ್ರಾಹಕರ ಖಾತೆಯ ಪುಟದಲ್ಲಿ ದಿನವಾರು ಬಳಕೆಯ ಪಟ್ಟಿ ಇರುತ್ತದೆಂದು ಮಗಳು ಹೇಳಿದಳು. ತೆರೆದು ನೋಡಿದರೆ ಡೌನ್‌ಲೋಡಿಗೆ ಒಂದು ಕಾಲಂ, ಅಪ್‌ಲೋಡಿಗೆ ಒಂದು. ಡೌನ್‌ಲೋಡ್ ಕಾಲಂ ಭಾನುವಾರ ಏರಿ, ಕರೆಂಟ್ ಹೋದ ದಿನ ಇಳಿದು, ಮನೆಯ ಬದುಕಿನ ಹಾಗೆಯೇ ಇತ್ತು. ಅಪ್‌ಲೋಡ್ ಕಾಲಂ ಮಾತ್ರ ಮಗ್ಗಿಯ ಹಾಗೆ: 21, 22, 22, 21, 22. ಊರಹಬ್ಬಕ್ಕೆಂದು ಮಧುಗಿರಿ ಕಡೆಯ ನಮ್ಮ ಹಳ್ಳಿಗೆ ಎಲ್ಲರೂ ಹೋಗಿ, ಮನೆಗೆ ಬೀಗ ಬಿದ್ದಿದ್ದ ಮೂರು ದಿನಗಳಲ್ಲಿ ಡೌನ್‌ಲೋಡ್ ಹೆಚ್ಚುಕಡಿಮೆ ಸೊನ್ನೆ. ಅಪ್‌ಲೋಡ್ ಆಗಲೂ 22.

ಕ್ಯಾಮೆರಾ ಹಾಕಿದವರು ಇಪ್ಪತ್ನಾಲ್ಕು ಗಂಟೆಯ ದೃಶ್ಯವೂ ಕ್ಲೌಡ್‌ಗೆ, ಅಂದರೆ ನೆಟ್ ಮೂಲಕ ದೂರದ ಸರ್ವರ್‌ಗೆ, ಹೋಗುವಂತೆ ಸೆಟ್ ಮಾಡಿ ಹೋಗಿದ್ದರು. ಒಂದು ಕ್ಯಾಮೆರಾ ಸೆಕೆಂಡಿಗೆ 1 ಮೆಗಾಬಿಟ್‌ನಷ್ಟೇ ಕಳಿಸಿದರೂ ದಿನಕ್ಕೆ 86,400 ಸೆಕೆಂಡು. ಎಂಟು ಬಿಟ್‌ಗೆ ಒಂದು ಬೈಟ್‌ನಂತೆ ಭಾಗಿಸಿದರೆ 10.8 ಜಿಬಿ. ಎರಡಕ್ಕೆ 21.6, ತಿಂಗಳಿಗೆ 648. ನಮ್ಮ ಪ್ಲಾನಿನಲ್ಲಿ ಇಳಿಸಿದ್ದು, ಏರಿಸಿದ್ದು ಎರಡೂ ಒಂದೇ ಖಾತೆಗೆ ಬೀಳುತ್ತವೆ. ಹಿತ್ತಲಿನ ಬಟ್ಟೆ ಒಣಗುವುದನ್ನು ಹಗಲೂ ರಾತ್ರಿ ಕ್ಲೌಡ್‌ಗೆ ಕಳಿಸಲು ನಾನು ದುಡ್ಡು ಕಟ್ಟುತ್ತಿದ್ದೆ.

ಮಗಳ ಮಾತು ಹೋಗದಿದ್ದುದಕ್ಕೂ ಕಾರಣ ಇದೇ. ಮಿತಿ ದಾಟಿದ ಮೇಲೆ ಅಪ್‌ಲೋಡಿಗೂ ಉಳಿದದ್ದು 2 ಎಂಬಿಪಿಎಸ್. ಅದನ್ನು ಎರಡು ಕ್ಯಾಮೆರಾಗಳೇ ಪೂರ್ತಿ ತುಂಬಿಕೊಂಡಿದ್ದವು. ಇಂಥ ಇಕ್ಕಟ್ಟಿನಲ್ಲಿ ಡೌನ್‌ಲೋಡೂ ಕುಂಟುತ್ತದೆ, ಏಕೆಂದರೆ ನಮ್ಮ ಕಡೆ ಇಳಿದ ತುಣುಕುಗಳಿಗೆ ‘ತಲುಪಿತು’ ಎಂಬ ಪುಟ್ಟ ರಸೀದಿಗಳು ಅದೇ ದಾರಿಯಲ್ಲಿ ಮೇಲೆ ಹೋಗಬೇಕು; ಅವು ಸಾಲಿನಲ್ಲಿ ಸಿಕ್ಕಿಕೊಂಡರೆ ಆ ಕಡೆಯ ಸರ್ವರ್ ಕಳಿಸುವ ವೇಗವನ್ನು ತಾನೇ ತಗ್ಗಿಸುತ್ತದೆ.

ಒಂದು ತಕರಾರು ಮಾತ್ರ ಉಳಿದಿದೆ. ಮನೆಗಳಿಗೆ ಬರುವ ಫೈಬರ್ ಸಾಮಾನ್ಯವಾಗಿ ಹಂಚಿಕೊಂಡದ್ದು. ಜಿಪಾನ್ ಎಂಬ ಫೈಬರ್ ಹಂಚಿಕೆಯ ವ್ಯವಸ್ಥೆಯಲ್ಲಿ ಸುಮಾರು 2.5 ಜಿಬಿಪಿಎಸ್ ಡೌನ್‌ಲೋಡ್, 1.25 ಜಿಬಿಪಿಎಸ್ ಅಪ್‌ಲೋಡ್ ಸಾಮರ್ಥ್ಯವನ್ನು ಮೂವತ್ತೆರಡೋ ಅರವತ್ತನಾಲ್ಕೋ ಮನೆಗಳಿಗೆ ಒಡೆದು ಕೊಡುತ್ತಾರೆ. ಹಾಗಾಗಿ ಎಲ್ಲರೂ ಟಿವಿ ಮುಂದೆ ಕೂರುವ ರಾತ್ರಿ ಎಂಟರಿಂದ ಹತ್ತರವರೆಗೆ ಅತಿಯಾಗಿ ಎಳೆಯುವವರಿಂದ ಪಕ್ಕದ ಮನೆಗೆ ತೊಂದರೆ ಆಗಬಹುದು, ಒಪ್ಪುತ್ತೇನೆ. ಆದರೆ ಬೆಳಗಿನ ಜಾವ ಮೂರಕ್ಕೆ ಖಾಲಿ ಬಿದ್ದಿರುವ ಲೈನಿನಲ್ಲಿ ಹೋದ ಜಿಬಿಗೂ, ರಾತ್ರಿ ಒಂಬತ್ತರ ಜಿಬಿಗೂ ತಿಂಗಳ ಮಿತಿ ಒಂದೇ ಬೆಲೆ ಕಟ್ಟುತ್ತದೆ. ದಟ್ಟಣೆಯ ಹೊತ್ತನ್ನೇ ನೋಡದ ಲೆಕ್ಕವನ್ನು ‘ನ್ಯಾಯಯುತ ಬಳಕೆ’ ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ದೊಡ್ಡ ಪ್ಲಾನ್ ಬೇಡವೆಂದೆ. ಎರಡೂ ಕ್ಯಾಮೆರಾಗಳಿಗೆ 128 ಜಿಬಿಯ ಮೆಮೊರಿ ಕಾರ್ಡ್ ಹಾಕಿದೆ. ಹನ್ನೊಂದು ದಿನದ ದೃಶ್ಯ ಅದರಲ್ಲೇ ಉಳಿಯುತ್ತದೆ. ಯಾರಾದರೂ ಓಡಾಡಿದಾಗಿನ ತುಣುಕು ಮಾತ್ರ ಈಗ ಕ್ಲೌಡ್‌ಗೆ ಹೋಗುತ್ತದೆ. ಈ ತಿಂಗಳ 21ಕ್ಕೆ ಪುಟ ತೆರೆದು ನೋಡಿದೆ, 540 ಜಿಬಿ. ಬಳಕೆಯ ಲೆಕ್ಕ ಬಯಲಾದ ಮರುದಿನವೇ ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಗನ ಮೇಜಿನ ಮೇಲೆ ಇಟ್ಟಿದ್ದೆ. ಅವನು ಅದನ್ನು ಎರಡು ಸಲ ಓದಿ, “ಕ್ಯಾಮೆರಾಗೂ ಇದೇ ಪಾಸ್‌ವರ್ಡಾ ಅಪ್ಪ, ಇಲ್ಲ ಅದಕ್ಕೆ ಬೇರೆ ಕೊಟ್ಟಿದೀಯಾ?” ಎಂದು ಕೇಳಿದ.