ಬೆಕ್ಕು ಬಟ್ಟೆ, ಪ್ಲಾಸ್ಟಿಕ್ ತಿನ್ನುವುದನ್ನು ಬಿಡಿಸುವುದು ಹೇಗೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಕ್ಕು ಸಾಕಿರುವ ಪರಿಚಿತರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ನಮ್ಮ ಬೆಕ್ಕು ಹೊದಿಕೆ ತಿನ್ನುತ್ತದೆ, ಪ್ಲಾಸ್ಟಿಕ್ ಚೀಲ ತಿನ್ನುತ್ತದೆ, ಶೂ ಲೇಸನ್ನೂ ಬಿಡುವುದಿಲ್ಲ; ಈ ಚಟ ಬಿಡಿಸುವುದು ಹೇಗೆ?" ನಮ್ಮ ಮನೆಯಲ್ಲೂ ಅಂಥದೊಂದು ಬೆಕ್ಕು ಇರುವುದರಿಂದ ನನ್ನ ಬಳಿ ಏನಾದರೊಂದು ಉಪಾಯ ಇದ್ದೇ ಇರುತ್ತದೆಂದು ಅವರು ನಂಬಿಕೊಂಡು ಬರುತ್ತಾರೆ. ನನ್ನ ಉತ್ತರ ಅವರಿಗೆ ಅಷ್ಟಾಗಿ ಹಿಡಿಸುವುದಿಲ್ಲ. ಚಟವನ್ನು ಪೂರ್ತಿ ಬಿಡಿಸುವುದು ಎಷ್ಟೋ ಬೆಕ್ಕುಗಳ ವಿಷಯದಲ್ಲಿ ಸಾಧ್ಯವಾಗುವುದಿಲ್ಲ. ತಿನ್ನಬಾರದ ವಸ್ತು ಅದರ ಬಾಯಿಗೆ ಸಿಗದಂತೆ ಮನೆಯನ್ನು ಇಟ್ಟುಕೊಳ್ಳುವುದು ಮಾತ್ರ ನಮ್ಮಿಂದ ಆಗುವ ಕೆಲಸ. ಆದರೆ ಅದಕ್ಕೂ ಮೊದಲು ಬೆಕ್ಕಿನ ಮೈಯಲ್ಲಿ ಏನಾದರೂ ಕಾಯಿಲೆ ಇದೆಯೇ ಎಂದು ಪಶುವೈದ್ಯರಿಂದ ತಿಳಿದುಕೊಳ್ಳಬೇಕು.

ಮೊದಲಿಗೆ ಬೆಕ್ಕು ವಸ್ತುವನ್ನು ಕೇವಲ ಅಗಿಯುತ್ತಿದೆಯೋ, ನುಂಗುತ್ತಲೂ ಇದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಮರಿಗಳು ಸಿಕ್ಕಿದ್ದನ್ನೆಲ್ಲ ಕಚ್ಚಿ ನೋಡುವುದು ಸಹಜ, ದೊಡ್ಡ ಬೆಕ್ಕುಗಳು ಹುಲ್ಲು ತಿನ್ನುವುದೂ ಸಹಜ. ಇವೆರಡಕ್ಕೂ ಯಾರೂ ಗಾಬರಿಯಾಗಬೇಕಿಲ್ಲ. ಕೆಲವು ಬೆಕ್ಕುಗಳು ಉಣ್ಣೆಯ ಬಟ್ಟೆಯನ್ನು ಬಾಯಲ್ಲಿಟ್ಟು ಮುಂಗಾಲುಗಳಿಂದ ನಾದುತ್ತ, ತಾಯಿಯ ಹಾಲು ಕುಡಿಯುವಂತೆ ಚೀಪುತ್ತವೆ. ಚೀಪಿ ಬಿಟ್ಟುಬಿಡುವ ಬೆಕ್ಕಿನಿಂದ ಬಟ್ಟೆ ಒದ್ದೆಯಾಗುತ್ತದೆಯೇ ಹೊರತು ಬೆಕ್ಕಿಗೆ ಹಾನಿಯಿಲ್ಲ. ತೊಂದರೆ ಇರುವುದು ನುಂಗುವ ಬೆಕ್ಕಿಗೆ, ಪಶುವೈದ್ಯರು ಪೈಕಾ ಎಂದು ಕರೆಯುವುದು ಅದನ್ನೇ. ನಮ್ಮ ಬೆಕ್ಕು ಹೊದಿಕೆಯ ಅಂಚಿಗೆ ಬಾಯಿ ಹಾಕುವ ರೀತಿಯನ್ನು ಹತ್ತಿರದಿಂದ ನೋಡಿದರೆ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ಅದು ಬಟ್ಟೆಯನ್ನು ಮುಂದಿನ ಹಲ್ಲಿನಿಂದ ಎಳೆದಾಡುವುದಿಲ್ಲ. ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಅಂಚನ್ನು ದವಡೆಯ ಹಿಂದಿನ ಹಲ್ಲುಗಳ ನಡುವೆ ಸೇರಿಸಿಕೊಂಡು, ಕಣ್ಣು ಅರೆಮುಚ್ಚಿ, ಮಾಂಸವನ್ನು ಕತ್ತರಿಸುವ ಹಾಗೆಯೇ ಕರಕರನೆ ಕತ್ತರಿಸುತ್ತದೆ. ಆ ಹೊತ್ತಿನಲ್ಲಿ ಹೆಸರು ಹಿಡಿದು ಕರೆದರೆ ಕಿವಿ ಕೂಡ ಅಲುಗಿಸುವುದಿಲ್ಲ. ಉಳಿದ ಗುರುತು ಹೊದಿಕೆಯ ಅಂಚಿನಲ್ಲಿ ಅರ್ಧಚಂದ್ರದಂಥ ಒಂದು ತೂತು, ಸುತ್ತಮುತ್ತ ಒಂದು ಚೂರೂ ಇಲ್ಲ. ಚೂರು ಇಲ್ಲದಿರುವುದೇ ಸಾಕ್ಷಿ. ಹಾಗಾಗಿ ಕಚ್ಚಿದ ವಸ್ತುವನ್ನು ಸಿಟ್ಟಿನಿಂದ ಕಸಕ್ಕೆ ಎಸೆಯುವ ಮೊದಲು ನೆಲದ ಮೇಲೆ ಹರಡಿ, ಬಿದ್ದಿರುವ ಚೂರುಗಳನ್ನು ಜೋಡಿಸಿ, ಎಷ್ಟು ಕಾಣೆಯಾಗಿದೆ ಎಂದು ನೋಡಿ, ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ವೈದ್ಯರ ಮುಂದೆ ನೂರು ಮಾತಿಗಿಂತ ಆ ಫೋಟೋ ಹೆಚ್ಚು ಉಪಯೋಗಕ್ಕೆ ಬರುತ್ತದೆ.

"ಯಾಕೆ ತಿನ್ನುತ್ತದೆ?" ಎಂಬುದಕ್ಕೆ ಒಂದೇ ಉತ್ತರವಿಲ್ಲ. ಸಯಾಮಿ, ಬರ್ಮೀಸ್ ಮುಂತಾದ ತಳಿಗಳಲ್ಲಿ ಉಣ್ಣೆ ಚೀಪುವ, ತಿನ್ನುವ ಅಭ್ಯಾಸ ಹೆಚ್ಚಾಗಿ ಕಂಡುಬರುವುದರಿಂದ ಇದರಲ್ಲಿ ವಂಶದ ಪಾಲಿದೆ ಎಂದು ಬಹಳ ಹಿಂದಿನಿಂದಲೂ ಭಾವಿಸಲಾಗಿದೆ, ಆದರೆ ಯಾವ ತಳಿಗೂ ಸೇರದ ಸಾಮಾನ್ಯ ಬೆಕ್ಕುಗಳೂ ಇದಕ್ಕೆ ಹೊರತಲ್ಲ. ಬಹುತೇಕ ಬೆಕ್ಕುಗಳಲ್ಲಿ ಇದು ಎಳೆಯ ವಯಸ್ಸಿನಲ್ಲೇ ಶುರುವಾಗುತ್ತದೆ. ತಾಯಿಯಿಂದ ಬೇಗ ಬೇರ್ಪಡಿಸಿದ ಮರಿಗಳಿಗೆ ಈ ಚಟ ಅಂಟುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಅದನ್ನು ಎಲ್ಲ ಬೆಕ್ಕುಗಳಿಗೂ ಅನ್ವಯಿಸುವ ನಿಯಮವೆಂದು ನಾನು ಒಪ್ಪುವುದಿಲ್ಲ, ಏಕೆಂದರೆ ಅಧ್ಯಯನಗಳ ಫಲಿತಾಂಶ ಒಂದೇ ತೆರನಾಗಿಲ್ಲ. ಕೆನಡಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥ ಬೆಕ್ಕುಗಳನ್ನು ಚಟವಿಲ್ಲದ ಬೆಕ್ಕುಗಳ ಜೊತೆ ಹೋಲಿಸಿ ನೋಡಿದಾಗ ಅತಿ ಹೆಚ್ಚು ತಿನ್ನಲ್ಪಟ್ಟ ವಸ್ತುಗಳು ಶೂ ಲೇಸು ಮತ್ತು ದಾರ, ಆಮೇಲೆ ಪ್ಲಾಸ್ಟಿಕ್ ಮತ್ತು ಬಟ್ಟೆ ಎಂದು ಗೊತ್ತಾಯಿತು. ಅದೇ ಅಧ್ಯಯನದ ಇನ್ನೆರಡು ಅಂಶಗಳನ್ನು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ: ಇಂಥ ಬೆಕ್ಕುಗಳು ಉಳಿದವುಗಳಿಗಿಂತ ಹೆಚ್ಚು ವಾಂತಿ ಮಾಡುತ್ತಿದ್ದವು, ಮತ್ತು ಬಟ್ಟಲಿನಲ್ಲಿ ಯಾವಾಗಲೂ ಆಹಾರ ಸಿಗುವ ಬೆಕ್ಕುಗಳ ಪ್ರಮಾಣ ಚಟವಿಲ್ಲದವುಗಳಲ್ಲೇ ಹೆಚ್ಚಿತ್ತು. ವಾಂತಿ ಚಟದ ಫಲವೋ, ಇಲ್ಲವೇ ಹೊಟ್ಟೆಯ ತೊಂದರೆಯೇ ಚಟಕ್ಕೆ ಕಾರಣವೋ ಎಂಬುದು ಅಷ್ಟರಿಂದಲೇ ತೀರ್ಮಾನವಾಗುವುದಿಲ್ಲ, ಆದರೆ ಹೊಟ್ಟೆಯನ್ನು ಪರೀಕ್ಷಿಸದೆ ಇದನ್ನು ಬರೀ ಬುದ್ಧಿಯ ದೋಷವೆಂದು ತಳ್ಳಿಹಾಕುವುದು ಸರಿಯಲ್ಲವೆಂದು ಹೇಳಲು ಅಷ್ಟು ಸಾಕು.

ಕಾಯಿಲೆಗಳ ಪಟ್ಟಿ ಚಿಕ್ಕದಲ್ಲ. ರಕ್ತಹೀನತೆ ಇರುವ ಬೆಕ್ಕುಗಳು ತಾವು ಮಲಮೂತ್ರ ಮಾಡುವ ಲಿಟರ್ ಬಾಕ್ಸಿನ ಮಣ್ಣನ್ನು ತಿನ್ನುವುದು, ಗೋಡೆ ಅಥವಾ ಸಿಮೆಂಟು ನೆಲವನ್ನು ನೆಕ್ಕುವುದು ಪಶುವೈದ್ಯರಿಗೆಲ್ಲ ಗೊತ್ತಿರುವ ಲಕ್ಷಣ. ಆ ರಕ್ತಹೀನತೆಯ ಹಿಂದೆ ಚಿಗಟಗಳೋ, ಜಂತುಹುಳುವೋ, ಬೆಕ್ಕುಗಳಿಗೆ ಬರುವ ಲ್ಯುಕೀಮಿಯಾ ವೈರಸ್ಸೋ ಇರಬಹುದು. ಕರುಳಿನ ದೀರ್ಘಕಾಲದ ಉರಿಯೂತ, ತಿಂದದ್ದನ್ನು ಜೀರ್ಣಿಸಲು ಬೇಕಾದ ರಸವನ್ನು ಮೇದೋಜೀರಕ ಗ್ರಂಥಿ ಸಾಕಷ್ಟು ತಯಾರಿಸದಿರುವುದು, ಹಲ್ಲು ಮತ್ತು ವಸಡಿನ ನೋವು, ವಯಸ್ಸಾದ ಬೆಕ್ಕುಗಳಲ್ಲಿ ಥೈರಾಯ್ಡ್ ಗ್ರಂಥಿಯ ಅತಿಯಾದ ಚಟುವಟಿಕೆ ಮತ್ತು ಸಕ್ಕರೆ ಕಾಯಿಲೆ, ಇವೆಲ್ಲವೂ ಬೆಕ್ಕನ್ನು ಆಹಾರವಲ್ಲದ್ದರ ಕಡೆಗೆ ತಿರುಗಿಸಬಲ್ಲವು. ವರ್ಷಗಟ್ಟಲೆ ಸುಮ್ಮನಿದ್ದ ಬೆಕ್ಕು ನಡುವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಮಣ್ಣು ತಿನ್ನತೊಡಗಿದರೆ ಅದನ್ನು ಚಟವೆಂದು ಕರೆಯುವ ಮೊದಲು ರಕ್ತ ಪರೀಕ್ಷೆ, ಮಲ ಪರೀಕ್ಷೆ ಆಗಲೇಬೇಕು. ಇಲ್ಲಿ ಒಂದು ಮಾತು: "ಆಹಾರದಲ್ಲಿ ಏನೋ ಕೊರತೆ ಇರಬೇಕು, ವಿಟಮಿನ್ ಕೊಟ್ಟರೆ ಸರಿಹೋಗುತ್ತದೆ" ಎನ್ನುವವರು ನನಗೆ ಬಹಳ ಸಿಗುತ್ತಾರೆ. ಬೆಕ್ಕುಗಳಿಗಾಗಿಯೇ ತಯಾರಾದ ಸಮತೋಲಿತ ಆಹಾರ ತಿನ್ನುವ ಬೆಕ್ಕಿಗೆ ಅಂಥ ಕೊರತೆ ಬರುವುದು ಅಪರೂಪ, ಮತ್ತು ಮನುಷ್ಯರ ಕಬ್ಬಿಣಾಂಶದ ಮಾತ್ರೆಯನ್ನು ಅಂದಾಜಿನ ಮೇಲೆ ಕೊಟ್ಟರೆ ಅದೇ ವಿಷವಾಗಬಹುದು.

ಎಲ್ಲಕ್ಕಿಂತ ಹೆಚ್ಚು ಭಯಪಡಬೇಕಾದ ವಸ್ತು ದಾರ. ಜನ ಪ್ಲಾಸ್ಟಿಕ್ಕಿಗೆ ಹೆದರುತ್ತಾರೆ, ದಾರವನ್ನು ಆಟದ ವಸ್ತುವೆಂದು ತಾವೇ ಮುಂದೆ ಹಿಡಿಯುತ್ತಾರೆ. ಬೆಕ್ಕಿನ ನಾಲಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ ಒಮ್ಮೆ ಸಿಕ್ಕಿದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುತ್ತ ಹೋಗುವುದೇ ಸುಲಭ. ದಾರದ ಒಂದು ತುದಿ ನಾಲಗೆಯ ಬುಡಕ್ಕೆ ಸುತ್ತಿಕೊಂಡೋ, ಜಠರದ ಕೆಳಬಾಯಲ್ಲಿ ಸಿಕ್ಕಿಕೊಂಡೋ ನಿಂತುಬಿಟ್ಟರೆ ಉಳಿದ ಭಾಗ ಕರುಳಿಗೆ ಇಳಿಯುತ್ತದೆ. ಕರುಳು ಅದನ್ನು ಮುಂದಕ್ಕೆ ತಳ್ಳಲು ಹಿಂಡಿದಂತೆಲ್ಲ ಮೇಲಿನ ತುದಿ ಬಿಡುವುದಿಲ್ಲ, ಆದ್ದರಿಂದ ಕರುಳೇ ಲಾಡಿ ಎಳೆದ ಬಟ್ಟೆಯಂತೆ ನೆರಿಗೆ ನೆರಿಗೆಯಾಗಿ ದಾರದ ಮೇಲೆ ಮುದುಡಿಕೊಳ್ಳುತ್ತದೆ. ಬಿಗಿದ ದಾರ ಆ ನೆರಿಗೆಗಳ ಒಳಗೋಡೆಯನ್ನು ಗರಗಸದ ಹಾಗೆ ಕೊಯ್ಯುತ್ತ ಹೋಗಿ ತೂತು ಮಾಡಿದರೆ ಕರುಳಿನೊಳಗಿನದು ಹೊಟ್ಟೆಯ ಪೊಳ್ಳಿಗೆ ಸೋರಿ ಸೋಂಕು ಹರಡುತ್ತದೆ, ಆಗ ಬೆಕ್ಕು ಉಳಿಯುವುದೇ ಸಂದೇಹ. ಹಾಗಾಗಿ ಬೆಕ್ಕಿನ ಬಾಯಿಂದಲೋ ಮಲದ್ವಾರದಿಂದಲೋ ದಾರ ಇಣುಕುತ್ತಿರುವುದು ಕಂಡರೆ ಯಾವ ಕಾರಣಕ್ಕೂ ಎಳೆಯಬಾರದು. ಎಳೆಯುವ ಕೈಯೇ ಗರಗಸವಾಗುತ್ತದೆ. ಇದ್ದ ಹಾಗೆಯೇ ಬಿಟ್ಟು, ಬೆಕ್ಕು ಅದನ್ನು ಮತ್ತಷ್ಟು ನುಂಗದಂತೆ ಅಥವಾ ಎಳೆದುಕೊಳ್ಳದಂತೆ ನೋಡಿಕೊಂಡು, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ದಾರ ಮತ್ತು ಬಟ್ಟೆ ಎಕ್ಸ್‌ರೇಯಲ್ಲಿ ನೇರವಾಗಿ ಕಾಣದೆ ಇರಬಹುದು, ಕರುಳಿನ ಆಕಾರ ಬದಲಾಗಿರುವುದರಿಂದ ವೈದ್ಯರು ಊಹಿಸುತ್ತಾರೆ ಅಥವಾ ಅಲ್ಟ್ರಾಸೌಂಡ್ ಮಾಡುತ್ತಾರೆ. ಆದ್ದರಿಂದ ಏನು ನುಂಗಿರಬಹುದು ಎಂಬ ನಮ್ಮ ಮಾತು ಅವರಿಗೆ ಅಷ್ಟು ಮುಖ್ಯ.

ದಾರವಲ್ಲದೆ ಬೇರೇನನ್ನೋ ನುಂಗಿದಾಗಲೂ ಮನೆಮದ್ದಿನ ಆಸೆ ಬೇಡ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋದರೆ ಉಪ್ಪೇ ವಿಷವಾಗುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿನ ಜಠರದ ಒಳಪದರವನ್ನು ರಕ್ತ ಸುರಿಯುವಷ್ಟು ಸುಡಬಲ್ಲದು, ಜಾರಿಸಲೆಂದು ಬಾಯಿಗೆ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಮತ್ತೆ ಮತ್ತೆ ವಾಂತಿ, ಊಟ ಬಿಡುವುದು, ಮೂಲೆ ಸೇರಿ ಅಡಗಿಕೊಳ್ಳುವುದು, ಹೊಟ್ಟೆ ಮುಟ್ಟಿದರೆ ಗುರ್ ಎನ್ನುವುದು, ಮಲ ಆಗದಿರುವುದು, ಇವು ಕರುಳು ಕಟ್ಟಿರುವ ಸೂಚನೆಗಳು, ಮತ್ತು ಎಲ್ಲವೂ ಒಟ್ಟಿಗೆ ಕಾಣಬೇಕೆಂದೇನೂ ಇಲ್ಲ. "ನಾಳೆ ನೋಡೋಣ" ಎನ್ನುವುದಕ್ಕೆ ಇದು ಸಮಯವಲ್ಲ. ಅದರಲ್ಲೂ ದಪ್ಪಗಿರುವ ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಇನ್ನೊಂದು ಅಪಾಯ ಸೇರಿಕೊಳ್ಳುತ್ತದೆ.

ಇನ್ನು ಮನೆಯ ವಿಷಯಕ್ಕೆ ಬರೋಣ. ಹೆಚ್ಚಿನ ಬೆಕ್ಕುಗಳಿಗೆ ಎಲ್ಲವೂ ಬೇಡ, ಒಂದೋ ಎರಡೋ ಬಗೆಯ ವಸ್ತು ಮಾತ್ರ ಬೇಕು. ಒಂದಕ್ಕೆ ಸರಸರ ಸದ್ದು ಮಾಡುವ ತೆಳು ಪ್ಲಾಸ್ಟಿಕ್, ಇನ್ನೊಂದಕ್ಕೆ ಮೆತ್ತನೆಯ ರಬ್ಬರ್, ಮತ್ತೊಂದಕ್ಕೆ ಒರಟು ನೇಯ್ಗೆಯ ಬಟ್ಟೆ. ನಮ್ಮ ಬೆಕ್ಕಿಗೆ ಒರಟಾದ ಹತ್ತಿಯ ಹೊದಿಕೆ ಕಂಡರೆ ತಿನ್ನದೆ ಇರಲಾಗದು, ಆದರೆ ನಯವಾದ ಹಾಸಿಗೆ ಹೊದಿಕೆಯನ್ನು ಅದು ಮೂಸಿಯೂ ನೋಡುವುದಿಲ್ಲ. ಈ ಆಯ್ಕೆಯನ್ನು ಗಮನಿಸಿ ಬರೆದಿಟ್ಟುಕೊಂಡರೆ ಇಡೀ ಮನೆಯನ್ನು ಕಾಯುವ ಶ್ರಮ ತಪ್ಪುತ್ತದೆ. ಬಟ್ಟೆ ತಿನ್ನುವ ಬೆಕ್ಕಿರುವ ಮನೆಯಲ್ಲಿ ಒಗೆಯುವ ಬಟ್ಟೆಯ ಬುಟ್ಟಿಗೆ ಗಟ್ಟಿಯಾದ ಮುಚ್ಚಳ ಇರಬೇಕು, ಮಲಗುವ ಕೋಣೆಯ ಬಾಗಿಲು ಹಗಲಲ್ಲಿ ಮುಚ್ಚಿರಬೇಕು. ದಾರ ತಿನ್ನುವ ಬೆಕ್ಕಿರುವಲ್ಲಿ ಹೊಲಿಗೆಯ ಡಬ್ಬ, ಶೂ, ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡು, ಮಾಸ್ಕಿನ ಎಲಾಸ್ಟಿಕ್, ಕಿಟಕಿ ಪರದೆಯ ಹಗ್ಗ, ಕೊನೆಗೆ ಬೆಕ್ಕಿನ ಆಟಿಕೆಯ ಗರಿ ಕಟ್ಟಿದ ದಾರ ಕೂಡ ಬಾಗಿಲಿರುವ ಕಪಾಟಿಗೆ ಹೋಗಬೇಕು. "ಮೇಲಿಟ್ಟಿದ್ದೇನೆ" ಎಂಬ ಮಾತಿಗೆ ಬೆಕ್ಕಿನ ಲೋಕದಲ್ಲಿ ಅರ್ಥವಿಲ್ಲ. ಚಾರ್ಜರ್ ವೈರು ಕಚ್ಚುವ ಬೆಕ್ಕಿಗೆ ಹೊಟ್ಟೆಯ ಅಪಾಯಕ್ಕಿಂತ ವಿದ್ಯುತ್ತಿನ ಅಪಾಯ ಮೊದಲು ಬರುವುದರಿಂದ ವೈರುಗಳನ್ನು ಗಟ್ಟಿ ಕೊಳವೆಯೊಳಗೆ ಸೇರಿಸಿ, ಬಳಸದಾಗ ಪ್ಲಗ್ಗಿನಿಂದ ತೆಗೆದಿಡಬೇಕು. ಮನೆಯ ಇತರರು ಇದಕ್ಕೆ ಒಗ್ಗುವುದೇ ದೊಡ್ಡ ಕೆಲಸ. ಬೆಕ್ಕಿಗಿಂತ ಮನುಷ್ಯರಿಗೆ ಹೇಳಿಕೊಡುವುದೇ ಕಷ್ಟವೆಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಬಾಯಿಂದ ಒಂದನ್ನು ಕಿತ್ತುಕೊಂಡ ಮೇಲೆ ಆ ಬಾಯಿಗೆ ಇನ್ನೊಂದನ್ನು ಕೊಡಬೇಕಾಗುತ್ತದೆ. ಬೆಕ್ಕು ದಿನವಿಡೀ ಸಣ್ಣ ಸಣ್ಣ ಬೇಟೆಯಾಡಿ, ಸ್ವಲ್ಪ ಸ್ವಲ್ಪವೇ ಹಲವು ಬಾರಿ ತಿನ್ನುವ ಪ್ರಾಣಿ. ಅದಕ್ಕೆ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಬಟ್ಟಲು ತುಂಬಿ ಇಟ್ಟರೆ ನಡುವಿನ ಹೊತ್ತು ಖಾಲಿ. ದಿನದ ಅದೇ ಅಳತೆಯ ಆಹಾರವನ್ನು ಹಲವು ಪಾಲು ಮಾಡಿ ಕೊಡುವುದು, ಒಂದು ಪಾಲನ್ನು ಉರುಳಿಸಿದರೆ ಕಾಳು ಉದುರುವ ಆಟಿಕೆಯಲ್ಲಿ ತುಂಬುವುದು, ಇನ್ನೊಂದನ್ನು ಹುಡುಕಿಕೊಂಡು ತಿನ್ನುವಂತೆ ಬೇರೆ ಬೇರೆ ಕಡೆ ಇಡುವುದು ನಮ್ಮಲ್ಲಿ ಎದ್ದು ಕಾಣುವಷ್ಟು ಫಲ ಕೊಟ್ಟಿದೆ. ನಾರಿನಂಶ ಹೆಚ್ಚಿರುವ ಆಹಾರದಿಂದ ಕೆಲವು ಬೆಕ್ಕುಗಳಿಗೆ ಅನುಕೂಲವಾಗುತ್ತದೆ, ಆದರೆ ಬದಲಾವಣೆಯನ್ನು ವೈದ್ಯರನ್ನು ಕೇಳಿಯೇ ಮಾಡಬೇಕು. ಅಗಿಯುವ ಆಸೆಗೆ ಕುಂಡದಲ್ಲಿ ಗೋಧಿ ಅಥವಾ ಬಾರ್ಲಿಯ ಹುಲ್ಲು ಬೆಳೆಸಿಡಬಹುದು. ಮನೆಯಲ್ಲಿ ಲಿಲ್ಲಿ ಹೂವು ಮಾತ್ರ ಇರಲೇಬಾರದು, ಅದರ ಎಲೆ, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡವನ್ನು ಹಾಳುಮಾಡುತ್ತದೆ. ಊಟಕ್ಕೆ ಮೊದಲು ಬೇಟೆಯಂತೆ ಓಡಿಸಿ, ಹಿಡಿಯಲು ಬಿಟ್ಟು, ಆಮೇಲೆ ತಿನ್ನಲು ಕೊಟ್ಟರೆ ಬೆಕ್ಕು ತಿಂದು, ಮೈ ನೆಕ್ಕಿಕೊಂಡು ಮಲಗುತ್ತದೆ, ಹೊದಿಕೆಯ ನೆನಪು ಆ ಹೊತ್ತಿಗೆ ಬರುವುದು ಕಡಿಮೆ.

ಗದರುವುದರಿಂದ, ನೀರು ಚಿಮುಕಿಸುವುದರಿಂದ ಏನೂ ಆಗುವುದಿಲ್ಲ. ನಮ್ಮ ಕಣ್ಣಿಗೆ ಬೀಳದಂತೆ, ಮಂಚದ ಕೆಳಗೆ ತಿನ್ನುವುದನ್ನು ಬೆಕ್ಕು ಕಲಿಯುತ್ತದೆ ಅಷ್ಟೇ. ಕಹಿ ಸ್ಪ್ರೇ ಒಂದು ಮೂಲೆಯನ್ನು ಉಳಿಸಬಹುದು, ಚಟವನ್ನಲ್ಲ; ಬೆಕ್ಕನ್ನು ದೂರವಿಡಲೆಂದು ಸುಗಂಧ ತೈಲಗಳನ್ನು ಹಚ್ಚುವುದಂತೂ ಬೇಡವೇ ಬೇಡ, ಅವುಗಳಲ್ಲಿ ಹಲವು ಬೆಕ್ಕಿಗೆ ವಿಷ. ಜೊತೆಗೆ ಇನ್ನೊಂದು ಬೆಕ್ಕು ತಂದರೆ ಬೇಸರ ಕಳೆದು ಚಟ ಬಿಡುತ್ತದೆಯೇ ಎಂದು ಕೇಳುವವರಿಗೆ ನಾನು ಬೇಡವೆನ್ನುತ್ತೇನೆ, ಏಕೆಂದರೆ ಹೊಸ ಬೆಕ್ಕಿನೊಡನೆ ಹೊಂದಿಕೆಯಾಗದಿದ್ದರೆ ಮನೆಯಲ್ಲಿ ಆತಂಕ ಹೆಚ್ಚುತ್ತದೆ, ಆತಂಕವೇ ಚಟಕ್ಕೆ ಕಾರಣವಾಗಿರುವ ಬೆಕ್ಕಿಗೆ ಅದು ಇನ್ನೂ ಕೆಟ್ಟದ್ದು. ಇಷ್ಟೆಲ್ಲ ಮಾಡಿಯೂ ಬೆಕ್ಕು ಆಸ್ಪತ್ರೆಯ ದಾರಿ ಹಿಡಿಯುತ್ತಲೇ ಇದ್ದರೆ ಆತಂಕ, ಗೀಳು ತಗ್ಗಿಸುವ ಫ್ಲುಆಕ್ಸೆಟಿನ್, ಕ್ಲೋಮಿಪ್ರಮಿನ್‌ನಂಥ ಔಷಧಗಳನ್ನು ವೈದ್ಯರು ಸೂಚಿಸಬಹುದು. ಇವು ಕೆಲಸ ತೋರಿಸಲು ವಾರಗಳು ಬೇಕು, ನಡುವೆ ನಾವಾಗಿಯೇ ನಿಲ್ಲಿಸುವಂತಿಲ್ಲ, ಮತ್ತು ಔಷಧ ಶುರುವಾಯಿತೆಂದು ಬುಟ್ಟಿಯ ಮುಚ್ಚಳ ತೆರೆದಿಡುವಂತಿಲ್ಲ.

ಬೆಕ್ಕನ್ನು ಬೇರೆಯವರ ಬಳಿ ಬಿಟ್ಟು ಊರಿಗೆ ಹೋಗುವಾಗ ಏನು ಮಾಡಬೇಕೆಂದೂ ಕೇಳುತ್ತಾರೆ. ನಾನು ಒಂದು ಹಾಳೆಯಲ್ಲಿ ಬೆಕ್ಕು ಏನನ್ನು ತಿನ್ನುತ್ತದೆ, ಯಾವ ಬಾಗಿಲು ಮುಚ್ಚಿರಬೇಕು, ವಾಂತಿ ಮಾಡಿದರೆ ಅದರಲ್ಲಿ ಏನಿದೆಯೆಂದು ನೋಡಿ ಫೋಟೋ ತೆಗೆಯಬೇಕು, ದಾರ ಕಂಡರೆ ಎಳೆಯಬಾರದು ಎಂದು ಬರೆದು, ರಾತ್ರಿಯೂ ತೆರೆದಿರುವ ಆಸ್ಪತ್ರೆಯ ಫೋನ್ ನಂಬರ್ ಸೇರಿಸಿ, ಬೆಕ್ಕಿನ ಆಹಾರದ ಡಬ್ಬದ ಮುಚ್ಚಳದ ಮೇಲೆ ಅಂಟಿಸಿ ಹೋಗುತ್ತೇನೆ. ನೋಡಿಕೊಳ್ಳುವವರು ದಿನಕ್ಕೆ ಹಲವು ಸಲ ತೆರೆಯಲೇಬೇಕಾದ ಡಬ್ಬ ಅದು.