ಬಸವ್ವನೋ, ಬಸಮ್ಮನೋ: ವಿದೇಶಕ್ಕೆ ಹೊರಡುವ ಮುಂಚೆ ಇತ್ಯರ್ಥವಾಗಲಿ

ನಮ್ಮ ಗದಗ, ಹಾವೇರಿ ಕಡೆ ಒಬ್ಬಳೇ ಹೆಣ್ಣುಮಗಳಿಗೆ ಮೂರು ಹೆಸರು. ಆಧಾರ್‌ನಲ್ಲಿ ಬಸವ್ವ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬಸಮ್ಮ, ಗಂಡನ ಮನೆಯವರು ಇಟ್ಟದ್ದು ರೇಷನ್ ಕಾರ್ಡಿನಲ್ಲಿ ಇನ್ನೊಂದು. ಊರಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ಕೌಂಟರಿನಲ್ಲಿ ಮಾತ್ರ ಅರ್ಜಿ ನಿಂತುಬಿಡುತ್ತದೆ.

ಅಂಕಪಟ್ಟಿ ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಅದಕ್ಕೇ ಅದರಲ್ಲಿದ್ದ ಹೆಸರನ್ನೇ ಹಿಡಿಯಿರಿ. ಮೊದಲು ಆಧಾರ್, ಆಮೇಲೆ ಪ್ಯಾನ್, ಬ್ಯಾಂಕ್, ಕೊನೆಗೆ ಪಾಸ್‌ಪೋರ್ಟ್. ಆಧಾರ್‌ನಲ್ಲಿ ಹೆಸರು ಬದಲಿಸಲು ಇರುವುದು ಎರಡೇ ಅವಕಾಶ. ಸ್ಪೆಲ್ಲಿಂಗ್ ನೋಡದೆ ಒಂದನ್ನು ಕಳೆಯಬೇಡಿ. ಹೂಗಾರ, ಬಡಿಗೇರ ಅಂತ ಅಡ್ಡಹೆಸರು ಇದ್ದರೆ ಸರ್‌ನೇಮ್ ಕಾಲಮ್ಮಿನಲ್ಲೇ ಬರೆಯಿರಿ, ಖಾಲಿ ಬಿಡಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಯುಎಇ 2022ರ ನವೆಂಬರಿನಿಂದ ವಿಸಿಟ್ ವೀಸಾದ ಮೇಲೆ ಪ್ರವೇಶ ನಿಲ್ಲಿಸಿದೆ. ಹತ್ತನೇ ತರಗತಿ ಪಾಸಾಗಿದ್ದರೆ ಅಂಕಪಟ್ಟಿ ಲಗತ್ತಿಸಲು ಮರೆಯಬೇಡಿ, ಇಲ್ಲದಿದ್ದರೆ ಪಾಸ್‌ಪೋರ್ಟಿಗೆ ಇಸಿಆರ್, ಅಂದರೆ ‘ವಲಸೆಗೆ ಅನುಮತಿ ಬೇಕು’ ಎಂಬ ಗುರುತು, ಬೀಳುತ್ತದೆ.

ಇಸಿಆರ್ ಇದ್ದವರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ 30 ವರ್ಷ ತುಂಬಿರಬೇಕು. ಏಜೆಂಟ್ ಹೇಳುವುದೇ ಬೇರೆ: “ಅಕ್ಕಾರ, ವಿಸಿಟ್ ವೀಸಾದಾಗ ಹೋಗ್ರಿ, ಅಲ್ಲಿ ಬದಲಿ ಮಾಡಸ್ತೀನಿ.” ಹೀಗೆ ಹೋದರೆ ಕರಾರುಪತ್ರವಿಲ್ಲ, ವಿಮೆಯಿಲ್ಲ, ಸಂಬಳ ಕೊಡದಿದ್ದರೆ ತೋರಿಸಲು ಒಂದು ಚೀಟಿಯೂ ಇಲ್ಲ. ಏಜೆಂಟನಿಗೆ ಲೈಸೆನ್ಸ್ ಇದೆಯೇ ಎಂದು ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಿ. ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ದಾಟುವಂತಿಲ್ಲ, ಅದಕ್ಕೂ ರಸೀದಿ ಕೇಳಿ.

ಕಾಗದವಿಲ್ಲದ ದುಡಿಮೆ ಎಂಥದೆಂದು ಅಲ್ಬೇನಿಯಾದ ಹೆಣ್ಣುಮಕ್ಕಳು ಚೆನ್ನಾಗಿ ಬಲ್ಲರು. 1991ರಿಂದೀಚೆ ಗ್ರೀಸ್, ಇಟಲಿಗೆ ಹೋದವರಲ್ಲಿ ಟೀಚರು, ನರ್ಸ್ ಆಗಿದ್ದವರೂ ಇದ್ದರು. ಅವರ ಸರ್ಟಿಫಿಕೇಟ್ ಅಲ್ಲಿ ನಡೆಯಲಿಲ್ಲ. ನೆಲ ಒರೆಸಿದರು, ಮುದುಕರ ಆರೈಕೆ ಮಾಡಿದರು. ಎಷ್ಟೋ ಮಂದಿ ಕೆಲಸಕ್ಕಾಗಿ ಗ್ರೀಕ್ ಹೆಸರಿಟ್ಟುಕೊಂಡರು. (ಮನೆಗೊಂದು ಹೆಸರು, ಕಾಗದಕ್ಕೊಂದು, ನಮ್ಮ ಬಸವ್ವನ ಕಥೆಯೇ.) ಗ್ರೀಸಿನಲ್ಲಿ ವಾಸದ ಪರವಾನಗಿ ನವೀಕರಿಸಲು ‘ಎನ್ಸಿಮಾ’, ಅಂದರೆ ವಿಮೆಯ ಕಂತು ಕಟ್ಟಿದ್ದಕ್ಕೆ ಸಿಗುವ ಮುದ್ರೆ, ಬೇಕಿತ್ತು. ಮನೆಮಾಲೀಕರು ಕಟ್ಟದಿದ್ದಾಗ ಆ ದುಡ್ಡನ್ನು ಹೆಂಗಸರೇ ಕೈಯಿಂದ ತುಂಬಿದರು.

ಇಟಲಿಗೆ ಕೆಲಸಕ್ಕೆ ಹೋಗುವವರು ಇಳಿದ 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಯ ಪ್ರಕ್ರಿಯೆ ಶುರುಮಾಡಬೇಕು. ಅರ್ಜಿ ಹಾಕಿದಾಗ ಅಲ್ಲಿನ ಅಂಚೆ ಕಚೇರಿ ಕೊಡುವ ರಸೀದಿಯ ಜೆರಾಕ್ಸ್ ಮಾಡಿ ಒಂದನ್ನು ಬೇರೆ ಇಡಿ. ಪರವಾನಗಿಯ ಕಾರ್ಡ್ ಬರುವವರೆಗೆ ಆ ರಸೀದಿಯೇ ನಿಮ್ಮ ದಾಖಲೆ. ನರ್ಸಿಂಗ್ ಸರ್ಟಿಫಿಕೇಟಿಗೆ ಅಪೋಸ್ಟಿಲ್ (ಹೊರದೇಶದಲ್ಲಿ ಕಾಗದ ನಡೆಯಲು ಹಾಕಿಸುವ ದೃಢೀಕರಣದ ಮುದ್ರೆ) ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಕೊಲ್ಲಿಯ ಕೆಲವು ದೇಶಗಳಲ್ಲಿ ಅದು ನಡೆಯುವುದಿಲ್ಲ. ಯುಎಇಗಾದರೆ ಅವರ ರಾಯಭಾರ ಕಚೇರಿಯ ದೃಢೀಕರಣವೇ ಬೇಕು. ಅಲ್ಲಿ ಹೋದಮೇಲೆ ಧಾರವಾಡದಲ್ಲಿರುವ ತಮ್ಮನಿಗೆ ಫೋನ್ ಹಚ್ಚಿ ಮಾಡಿಸುತ್ತೇನೆಂದರೆ, ಮೂಲಪ್ರತಿ ನಿಮ್ಮ ಸೂಟ್‌ಕೇಸಿನಲ್ಲೇ ಇರುತ್ತದೆ.