ಕೆಎಸ್‌ಪಿ ಅಂದ್ರೆ ಪೊಲೀಸ್ ಅಲ್ಲ, ಸುಣ್ಣದ ನೀರು

ಬಿಎಸ್ಸಿ ಲ್ಯಾಬಲ್ಲಿ ಒಂದಿನ ಬೋರ್ಡ್ ಮೇಲೆ "ಕೆಎಸ್‌ಪಿ" ಅಂತ ಬರೆದಿದ್ದು ನೋಡಿ ಹಿಂದಿಂದ ಯಾರೋ "ಲೇ, ಪೊಲೀಸ್ ಬಂದ್ರು ಕಣ್ರೋ" ಅಂದ, ಇಡೀ ಬ್ಯಾಚ್ ನಕ್ತು. ವಿಷಯ ಏನಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಸಾಲ್ಯುಬಿಲಿಟಿ ಪ್ರಾಡಕ್ಟ್, ಅದೇ ಈ ಕೆಎಸ್‌ಪಿ, ಕಂಡುಹಿಡೀಬೇಕು. ಅಂದ್ರೆ ಇನ್ನು ಕರಗದಷ್ಟು ಕರಗಿದಾಗ ನೀರಲ್ಲಿರೋ ಅಯಾನ್‌ಗಳ (ಚಾರ್ಜ್ ಇರೋ ಕಣಗಳ) ಸಾಂದ್ರತೆ ಗುಣಿಸಿದ್ರೆ ಬರೋ ನಂಬರ್. ಈ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂದ್ರೆ ನಮ್ಮಜ್ಜಿ ವೀಳ್ಯದೆಲೆಗೆ ಹಚ್ಕೊಳ್ಳೋ ಸುಣ್ಣಾನೇ.

ಸುಣ್ಣ ನೀರಿಗೆ ಹಾಕಿ ಇನ್ನು ಕರಗೋದೇ ಇಲ್ಲ ಅನ್ನೋವರೆಗೂ ಕಲಕಿ, ಸೋಸಿ, ಆ ತಿಳಿನೀರು 25 ಎಂಎಲ್ ತಗೊಂಡು ಸುಣ್ಣದ ನೀರನ್ನ ಗುಲಾಬಿ ಮಾಡೋ ಫಿನಾಲ್ಫ್ಥಲೀನ್ ಎರಡು ತೊಟ್ಟು ಬಿಟ್ಟು, ಬ್ಯುರೆಟ್ ಅನ್ನೋ ಅಳತೆ ಕೊಳವೆಯಿಂದ 0.1 ಮೋಲಾರ್ ಎಚ್‌ಸಿಎಲ್ ಆಸಿಡ್ ಬಿಡ್ತಾ ಹೋದ್ರೆ (ಇದೇ ಟೈಟ್ರೇಶನ್) ನಂಗೆ 10.6 ಎಂಎಲ್‌ಗೆ ಗುಲಾಬಿ ಬಣ್ಣ ಹೋಯ್ತು. ಅಂದ್ರೆ ಹೈಡ್ರಾಕ್ಸೈಡ್‌ನ ಸಾಂದ್ರತೆ 0.0424 ಮೋಲಾರ್. ಅದನ್ನೇ ಎಸ್ ಅಂದ್ಕೊಂಡು ಕೆಎಸ್‌ಪಿಯ ಸೂತ್ರ 4 ಎಸ್ ಕ್ಯೂಬ್‌ಗೆ ತುರುಕಿದೆ, ಉತ್ತರ ಎಲ್ಲೋ ಹೋಯ್ತು. ಎಸ್ ಅಂದ್ರೆ ಕರಗಿದ ಸುಣ್ಣ, ಒಂದು ಕ್ಯಾಲ್ಸಿಯಂಗೆ ಎರಡು ಹೈಡ್ರಾಕ್ಸೈಡ್ ಇರೋದ್ರಿಂದ ಹೈಡ್ರಾಕ್ಸೈಡ್‌ನ ಅರ್ಧ, 0.0212. ಸರಿ, ಕ್ಯಾಲ್ಸಿಯಂ 0.0212 ಇಂಟು ಹೈಡ್ರಾಕ್ಸೈಡ್ 0.0424 ಸ್ಕ್ವೇರ್, 3.8 ಇಂಟು 10ರ ಪವರ್ ಮೈನಸ್ 5 ಬಂತು.

ಬುಕ್ಕಲ್ಲಿ ಇರೋದು 5.5 ಇಂಟು 10ರ ಪವರ್ ಮೈನಸ್ 6. ಏಳು ಪಟ್ಟು ಜಾಸ್ತಿ! ಸರ್ ನೋಡಿ "ಏನ್ರೀ, ಸುಣ್ಣ ಸರಿಯಾಗಿ ಸೋಸಿಲ್ಲ, ಪುಡಿನೂ ಬಂದಿದೆ" ಅಂತ ರಿಪೀಟ್ ಬರೆದ್ರು. ಗಾಳಿಯ ಕಾರ್ಬನ್ ಡೈಆಕ್ಸೈಡ್ ತಾಗಿ ಸುಣ್ಣದ ನೀರಿನ ಮೇಲೆ ಕೆನೆ ಕಟ್ಟುತ್ತಲ್ಲ, ಅದರದ್ದೇ ತಪ್ಪು ಅಂತ ಹೇಳೋಣ ಅಂದ್ರೆ ಅದರಿಂದ ಕಮ್ಮಿ ಬರಬೇಕು, ನಂದು ಜಾಸ್ತಿ. ಎರಡು ಸಲ ಸೋಸಿ ಮತ್ತೆ ಮಾಡಿದೆ, 10.5.

ಪಕ್ಕದ ಟೇಬಲ್ ಫ್ರೆಂಡ್ ಮಾತ್ರ ಆರಾಮಾಗಿ ಕೂತಿದ್ದ. ಅವನ ರೀಡಿಂಗ್ 5.6. ಬುಕ್ಕಿನ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಬಂದ್ರೆ ಅಲ್ಲಿಗೇ ಬರುತ್ತೆ, ಬ್ಯುರೆಟ್ ಮುಟ್ಟೋದೇ ಬೇಡ ಮಾರಾಯ ಅಂದ.

ಎಂಎಸ್ಸಿಲಿ ಆಕ್ಟಿವಿಟಿ ಕೋಎಫಿಶಿಯೆಂಟ್ (ಸಾಂದ್ರತೆಯಲ್ಲಿ ಎಷ್ಟು ಭಾಗ ನಿಜಕ್ಕೂ ಲೆಕ್ಕಕ್ಕೆ ಬರುತ್ತೆ ಅಂತ ಹೇಳೋ ನಂಬರ್) ಪಾಠ ಮಾಡುವಾಗ ತಟ್ಟಂತ ಇದೇ ನೆನಪಾಯ್ತು. ಅಷ್ಟೊಂದು ಅಯಾನ್‌ಗಳು ಒಟ್ಟಿಗಿದ್ರೆ ಒಂದನ್ನೊಂದು ಎಳೀತಾವೆ, ಸ್ವಲ್ಪ ಕ್ಯಾಲ್ಸಿಯಂ ಒಂದು ಹೈಡ್ರಾಕ್ಸೈಡ್‌ನ ಜೊತೇಲೇ ಹಿಡ್ಕೊಂಡಿರುತ್ತೆ, ಹಾಗಾಗಿ ಟೈಟ್ರೇಶನ್‌ನಲ್ಲಿ ಸಿಗೋ ಅಷ್ಟೂ ಲೆಕ್ಕಕ್ಕೆ ಬರಲ್ಲ. ಅದನ್ನೆಲ್ಲ ಸೇರಿಸಿ ನನ್ನ 10.6ನ್ನೇ ಮತ್ತೆ ಹಾಕಿ ನೋಡಿದ್ರೆ ಬುಕ್ಕಿನ ನಂಬರ್ ಹತ್ರಕ್ಕೇ ಬಂತು! ಅಂದ್ರೆ ಸುಮ್ನೆ ಸಾಂದ್ರತೆ ಗುಣಿಸಿದ್ರೆ 5.5 ಯಾರಿಗೂ ಬರೋ ಹಾಗೇ ಇರಲಿಲ್ಲ, ಬ್ಯುರೆಟ್ ಮುಟ್ಟದೇ ಇರೋರನ್ನ ಬಿಟ್ಟು.

ಅವನ ರೆಕಾರ್ಡಲ್ಲಿ "ವೆರಿ ಗುಡ್" ಇದೆ. ನಂದ್ರಲ್ಲಿ ಕೆಂಪು ಇಂಕಲ್ಲಿ "ರಿಪೀಟ್".